ಮುಟ್ಟುವ ಪರವಾನಗಿ

ಎಮಿಲ್ ಹುದಾಕ್ ಆ ಕಾಗದವನ್ನು ಬೆಳಗಿನಿಂದ ನಾಲ್ಕನೆಯ ಸಲ ಓದುತ್ತಿದ್ದ. ಅಡುಗೆಮನೆಯ ಮೇಜಿನ ಮೇಲೆ ಕಾಫಿ ಆರಿಹೋಗಿತ್ತು. ಕಾಗದದಲ್ಲಿ ಹೊಸದಾಗಿ ಓದುವಂಥದ್ದೇನೂ ಇರಲಿಲ್ಲ: ಮೇಲೆ ರಾಜ್ಯದ ಮುದ್ರೆ, ಅದರ ಕೆಳಗೆ ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳಲು ಹೆಂಗಸರನ್ನು ಕಳಿಸುವ ಏಜೆನ್ಸಿಯ ಹೆಸರು, ಪರವಾನಗಿಯ ನಂಬರು, ಕೊಟ್ಟ ತಾರೀಖು, ಮುಗಿಯುವ ತಾರೀಖು, ಕೊನೆಯಲ್ಲಿ ಯಾರೋ ಅಧಿಕಾರಿಯ ಸಹಿ. ಸಹಿಯನ್ನೇ ಅವನು ಹೆಚ್ಚು ಹೊತ್ತು ನೋಡಿದ. ಮೂವತ್ತೊಂದು ವರ್ಷ ರಾಜ್ಯ ಸರ್ಕಾರದ ಲಿಫ್ಟ್ ಇನ್‌ಸ್ಪೆಕ್ಟರ್ ಆಗಿದ್ದವನು ಅವನು. ಸಹಿ ಹಾಕಿದವನು ಓದಿ ಹಾಕಿದನೋ, ಊಟದ ಹೊತ್ತಾಯಿತೆಂದು ಹಾಕಿದನೋ ಎನ್ನುವುದು ಕೊನೆಯ ಅಕ್ಷರದ ಬಾಲ ನೋಡಿದರೇ ತನಗೆ ಗೊತ್ತಾಗುತ್ತದೆಂಬ ಜಂಬ ಅವನಿಗಿತ್ತು. ಇದು ಓದಿ ಹಾಕಿದ ಸಹಿ. ಲೈಬ್ರರಿಗೆ ಹೋಗಿ, ಅಲ್ಲಿಯವರಿಂದ ಕಂಪ್ಯೂಟರ್ ತೆರೆಸಿ, ನಂಬರನ್ನು ರಾಜ್ಯದ ಪಟ್ಟಿಯಲ್ಲಿ ಹುಡುಕಿಸಿಯೂ ಆಗಿತ್ತು. ಚಾಲ್ತಿಯಲ್ಲಿದೆ, ದೂರುಗಳಿಲ್ಲ ಎಂದು ಬಂದಿತ್ತು. ಆದರೂ ಕಾಗದ ಮತ್ತೆ ಮತ್ತೆ ಕೈಗೆ ಬರುತ್ತಿತ್ತು. ಹಜಾರದಲ್ಲಿ ಡಾರ್ಲೀನ್ ಅವನ ಹೆಂಡತಿ ವೆರ್ನಾಳಿಗೆ ಟೀವಿಯ ಯಾವುದೋ ಅಡುಗೆ ಸ್ಪರ್ಧೆಯ ಕಥೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ನಿನ್ನೆ, ಸೋಮವಾರದಿಂದ, ಬರತೊಡಗಿದವಳು. ಐವತ್ತೆಂಟು ವರ್ಷದ ದಪ್ಪ ಹೆಂಗಸು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾಳೆ. ನಿನ್ನೆಯೆಲ್ಲ ಮಾತಾಡಿದಳು, ಪಾತ್ರೆ ತೊಳೆದಳು, ಟವೆಲುಗಳನ್ನು ಅಂಗಡಿಯವರ ಹಾಗೆ ಮಡಿಸಿಟ್ಟಳು. ಭಾನುವಾರ ಮಗಳು ಜನೀನ್ ಬಂದು ವೆರ್ನಾಳಿಗೆ ಸ್ನಾನ ಮಾಡಿಸಿ ಹೋಗಿದ್ದರಿಂದ ನಿನ್ನೆ ಬೇರೆ ಕೆಲಸವೇ ಬಿದ್ದಿರಲಿಲ್ಲ.

ಹೋದ ವಾರ ಇದೇ ಮೇಜಿನ ಆಚೆ ಬದಿಗೆ ಏಜೆನ್ಸಿಯ ಮ್ಯಾನೇಜರ್ ಟಲ್ಲಿ ಕುಳಿತಿದ್ದ. ಎಮಿಲ್ ಹಳದಿ ಹಾಳೆಯ ಮೇಲೆ ಹನ್ನೆರಡು ಪ್ರಶ್ನೆ ಬರೆದಿಟ್ಟುಕೊಂಡಿದ್ದ. ಪರವಾನಗಿ ನಿಮ್ಮದೋ, ಬೇರೆ ಕಂಪನಿಯದನ್ನು ತೋರಿಸುತ್ತೀರೋ? ಕೊನೆಯ ತಪಾಸಣೆ ಯಾವಾಗ? ಬರುವವರ ಹಿಂದಿನ ಚರಿತ್ರೆ ಪೊಲೀಸರಲ್ಲಿ ನೋಡಿಸಿದ್ದೀರಾ? ಅವರ ಮೇಲೆ ಕಣ್ಣಿಡುವವರು ಯಾರು? ಏನಾದರೂ ಅವಘಡವಾದರೆ ಸರ್ಕಾರಕ್ಕೆ ತಿಳಿಸುತ್ತೀರಾ? ಟಲ್ಲಿ ಒಂದೊಂದಕ್ಕೂ ಉತ್ತರ ಕೊಟ್ಟ. ಎಮಿಲ್ ಒಂದೊಂದಕ್ಕೂ ಟಿಕ್ ಹಾಕಿದ. "ಇಪ್ಪತ್ತನಾಲ್ಕು ಗಂಟೆಯೊಳಗೆ, ಬರವಣಿಗೇಲಿ, ಕೌಂಟಿಯ ಸರ್ಕಾರಿ ಆಫೀಸಿಗೆ ತಿಳಿಸ್ತೀವಿ ಸರ್. ಲೈಸೆನ್ಸ್‌ನ ಷರತ್ತೇ ಅದು," ಎಂದಾಗ ಅವನಿಗೆ ನಿಜಕ್ಕೂ ಸಂತೋಷವಾಗಿ ಆ ಟಿಕ್ಕನ್ನು ಎರಡು ಸಲ ತೀಡಿದ್ದ. "ಎಲ್ಲ ಕುಟುಂಬದೋರೂ ನಿಮ್ಮ ಹಾಗೆ ಕೇಳಿದ್ರೆ ನಮ್ಮ ಲೈನ್‌ನಲ್ಲಿ ಕಳ್ಳರೇ ಉಳಿಯಲ್ಲ ನೋಡಿ," ಎಂದು ಟಲ್ಲಿ ನಕ್ಕ. ಹದಿಮೂರನೆಯ ಪ್ರಶ್ನೆಯೊಂದಿತ್ತು. ಅದನ್ನು ಬರೆದಿರಲಿಲ್ಲ. ನನ್ನ ಹೆಂಡತಿಯ ಮೈ ತೊಳೆಯುತ್ತಾರಾ, ಕಕ್ಕಸಿಗೆ ಕೂರಿಸಿ ಎಬ್ಬಿಸುತ್ತಾರಾ, ಒಳಬಟ್ಟೆ ಬದಲಿಸುತ್ತಾರಾ? ಟೈ ಕಟ್ಟಿಕೊಂಡು ಬಂದ ಪರಗಂಡಸಿನ ಮುಂದೆ, ವೆರ್ನಾ ಪಕ್ಕದ ಕೋಣೆಯಲ್ಲಿ ಕಿವಿ ತೆರೆದು ಕೂತಿರುವಾಗ, ಆ ಮಾತು ನಾಲಗೆಯ ತುದಿಯವರೆಗೆ ಬಂದು ನಿಂತಿತು. ಮೂವತ್ತು ವರ್ಷ ಶಾಲೆಯ ಆಫೀಸಿನಲ್ಲಿ ಕೂತು, ತಡವಾಗಿ ಬಂದ ಮಕ್ಕಳಿಗೆ ಚೀಟಿ ಬರೆದುಕೊಟ್ಟ ಹೆಂಗಸು ಅವಳು. ಊರಿನ ಅರ್ಧ ಜನ ಅವಳ ಮುಂದೆ ತಲೆ ತಗ್ಗಿಸಿ ನಿಂತವರೇ. ಎಮಿಲ್ ಕೊನೆಗೆ, "ಬರೋರು ಎಲ್ಲಾನೂ ನೋಡ್ಕೋತಾರೆ ತಾನೆ?" ಎಂದಷ್ಟೇ ಕೇಳಿದ. "ನಮ್ಮ ಲೈಸೆನ್ಸ್ ಒಳಗೆ ಬರೋದೆಲ್ಲಾನೂ," ಎಂದ ಟಲ್ಲಿ. ಅದಕ್ಕೂ ಎಮಿಲ್ ಹಾಳೆಯ ಅಂಚಿನಲ್ಲಿ ಒಂದು ಟಿಕ್ ಹಾಕಿದ.

ಟೀವಿಯ ಸದ್ದು ನಿಂತಿತು. ನಾಲ್ಕು ಕಾಲಿನ ಊರುಗೋಲು ಹಜಾರದಿಂದ ಬಚ್ಚಲುಮನೆಯ ಕಡೆಗೆ ಟಕ್ ಟಕ್ ಎಂದು ಹೋಯಿತು. ನವೆಂಬರಿನಲ್ಲಿ ಪಾರ್ಶ್ವವಾಯು ಬಡಿದ ಮೇಲೆ ವೆರ್ನಾಳಿಗೆ ಬಲಗೈ, ಬಲಗಾಲು ಹೆಸರಿಗಷ್ಟೇ, ಮಾತೂ ಅಷ್ಟೇ. ಎಮಿಲ್, ಬೇಡ, ಮನೆ, ಈ ಮೂರು ಶಬ್ದ ಉಳಿದಿದ್ದವು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಅವಳು ಮನೆ, ಮನೆ ಎಂದು ಎಷ್ಟು ಸಲ ಅಂದಳೆಂದರೆ, ಎಮಿಲ್ ಅವಳ ಎಡಗೈ ಹಿಡಿದು ಮಾತು ಕೊಟ್ಟುಬಿಟ್ಟ. ಗುಡ್ಡದ ಮೇಲೆ ವಯಸ್ಸಾದವರನ್ನು ಇಟ್ಟುಕೊಳ್ಳುವ ನರ್ಸಿಂಗ್ ಹೋಮಿಗೆ ಕಳಿಸುವುದಿಲ್ಲ, ನಾನು ಇರುವ ತನಕ ಇಲ್ಲ. ಮಾತು ಕೊಡುವಾಗ ತನ್ನ ಬಲ ಭುಜದ ಹರಿದ ಸ್ನಾಯು ನೆನಪಾಗಿರಲಿಲ್ಲ. ಕಾಫಿಯನ್ನು ಬಿಸಿ ಮಾಡೋಣವೇ, ಚೆಲ್ಲೋಣವೇ ಎಂದು ಯೋಚಿಸುತ್ತಿದ್ದಾಗ ಏನೋ ಜಾರಿದ ಸದ್ದು, ಊರುಗೋಲು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಡಾರ್ಲೀನಳ ದನಿ, ತೀರ ಮರ್ಯಾದೆಯ ದನಿ:

"ಸರ್, ಸ್ವಲ್ಪ ಇಲ್ಲಿಗೆ ಬರ್ತೀರಾ?"

ವೆರ್ನಾ ಕಮೋಡಿಗೂ ಸ್ನಾನದ ತೊಟ್ಟಿಗೂ ನಡುವಿನ ಸಂದಿಯಲ್ಲಿ ಕೂತುಬಿಟ್ಟಿದ್ದಳು. ರಾತ್ರಿಯಂಗಿ ಸೊಂಟದ ತನಕ ಸರಿದಿತ್ತು, ನೆಲ ಒದ್ದೆಯಾಗಿತ್ತು. ಪೆಟ್ಟಾದ ಹಾಗಿರಲಿಲ್ಲ; ಮುಖದಲ್ಲಿ ನೋವಿರಲಿಲ್ಲ, ಸಿಟ್ಟಿತ್ತು. ಡಾರ್ಲೀನ್ ಹೊಸ್ತಿಲಿನ ಆಚೆ, ಎರಡು ಕೈಯನ್ನೂ ಎದೆಗೆ ಕಟ್ಟಿಕೊಂಡು ನಿಂತಿದ್ದಳು.

"ಹಿಡೀರಿ ಹಿಡೀರಿ, ನೀವು ಆ ಕಡೆಯಿಂದ ಹಿಡ್ಕೊಳ್ಳಿ," ಎಂದ ಎಮಿಲ್.

"ನಾನು ಹಿಡಿಯೋ ಹಾಗಿಲ್ಲ ಸರ್."

"ಏನು?"

"ಮುಟ್ಟೋ ಹಾಗಿಲ್ಲ. ನಮ್ಮ ಏಜೆನ್ಸಿದು ಒಡನಾಟದ ಲೈಸೆನ್ಸು. ಮಾತುಕತೆ, ಮನೆಗೆಲಸ, ಅಂಗಡಿಗೆ ಹೋಗಿ ಬರೋದು. ಮೈ ಮುಟ್ಟೋ ಕೆಲಸಕ್ಕೆ ಬೇರೆ ಕ್ಲಾಸ್ ಲೈಸೆನ್ಸ್ ಬೇಕು. ಮಿಸ್ಟರ್ ಟಲ್ಲಿ ಹೇಳಿರ್ಬೇಕಲ್ವಾ?"

ಹೇಳಿರಲಿಲ್ಲ ಎನ್ನುವಂತಿಲ್ಲ. ಕಾಗದದಲ್ಲಿ ಇತ್ತು. ನಂಬರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, 'ವರ್ಗ: ಒಡನಾಡಿ ಮತ್ತು ಗೃಹಕೃತ್ಯ'. ಎಮಿಲ್ ಅದನ್ನು ನಾಲ್ಕು ಸಲವೂ ಓದಿದ್ದ. ಓದಿ ಅವನಿಗೆ ಹಿತವೇ ಆಗಿತ್ತು. ಒಡನಾಡಿ, ಎಷ್ಟು ಒಳ್ಳೆಯ ಮಾತು ಎಂದುಕೊಂಡಿದ್ದ. ಜೊತೆಗಿರುವವರು ಬಿದ್ದಾಗ ಕೈ ಕೊಡದೆ ಇರುತ್ತಾರೆಯೇ ಎಂದು ಅವನ ಮನಸ್ಸು ಆ ಮಾತನ್ನು ತಾನೇ ತುಂಬಿಕೊಂಡುಬಿಟ್ಟಿತ್ತು. ಅವನು! ಹೊಲಿಗೆ ಕಾರ್ಖಾನೆಯ ಮಾಲೀಕ ಸಬಟೀನಿಯನ್ನು ಐವತ್ತು ಹೆಂಗಸರ ಎದುರು ನಿಲ್ಲಿಸಿ ಪಾಠ ಹೇಳಿದವನು ಅವನು. ಅಲ್ಲಿ ನಾಲ್ಕನೆಯ ಮಹಡಿಗೆ ಬಟ್ಟೆಯ ಥಾನುಗಳನ್ನು ಹೊತ್ತೊಯ್ಯುವ ಲಿಫ್ಟೊಂದಿತ್ತು. ಬೆಳಿಗ್ಗೆ ಹೆಂಗಸರೂ ಅದರಲ್ಲೇ ಮೇಲೆ ಹೋಗುತ್ತಿದ್ದರು. ಹಗ್ಗ ಗಟ್ಟಿ, ಬ್ರೇಕು ಗಟ್ಟಿ, ಎಲ್ಲ ಗಟ್ಟಿ. ಆದರೆ ಸರ್ಟಿಫಿಕೇಟಿನಲ್ಲಿ ವರ್ಗ: ಸರಕು. "ಇದಕ್ಕೆ ಸಾಮಾನು ಹೊರೋ ಲೈಸೆನ್ಸು. ನಿಮ್ಮ ಕಣ್ಣಿಗೆ ಇವರೆಲ್ಲ ಸಾಮಾನೇನ್ರೀ?" ಎಂದು ಕೆಂಪು ಚೀಟಿ ಅಂಟಿಸಿ ಬೀಗ ಹಾಕಿದ್ದ. ಆ ಮಾತು ಚೆನ್ನಾಗಿ ಬಂತೆಂದು ಮನೆಗೆ ಬಂದು ವೆರ್ನಾಳಿಗೂ ಹೇಳಿದ್ದ. ಹೆಂಗಸರು ಚಪ್ಪಾಳೆ ತಟ್ಟಲಿಲ್ಲ. ನಾಲ್ಕು ಮಹಡಿ ಹತ್ತತೊಡಗಿದರು. ತುಂಬು ಬಸುರಿಯೊಬ್ಬಳು ಎರಡನೆಯ ತಿರುವಿನಲ್ಲಿ ಕಂಬಿ ಹಿಡಿದು ನಿಂತು ಕೆಳಗೆ ಅವನನ್ನೇ ನೋಡಿದಳು. ಸಬಟೀನಿ ಮೆಲ್ಲಗೆ ಪಕ್ಕಕ್ಕೆ ಕರೆದು, "ಒಂದು ವಾರ ನೋಡ್ಲಿಲ್ಲ ಅನ್ಕೊಳ್ಳಿ ಸರ್. ಅಷ್ಟರಲ್ಲಿ ಏನಾದ್ರೂ ಮಾಡ್ತೀನಿ," ಎಂದಿದ್ದ. ಎಮಿಲ್ ನೋಡಿದ್ದನ್ನು ನೋಡಿದೆ ಎಂದೇ ಬರೆದಿದ್ದ.

"ಎಮಿಲ್," ಎಂದಳು ವೆರ್ನಾ.

ಅವನು ಬಗ್ಗಿ ಅವಳ ಕಂಕುಳಿಗೆ ಕೈ ಹಾಕಿದ. ಭುಜದೊಳಗೆ ಏನೋ ಕತ್ತರಿಸಿದಂತಾಗಿ ಕೈ ತಾನಾಗಿಯೇ ಬಿಟ್ಟುಕೊಂಡಿತು. ಅವಳು ಒಂದು ಬೆರಳಿನಷ್ಟು ಮೇಲೆದ್ದವಳು ಮತ್ತೆ ಒದ್ದೆಯಲ್ಲೇ ಕೂತಳು.

"ಫೈರ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡ್ಲಾ ಸರ್? ಎತ್ತಿ ಕೂರಿಸೋಕೆ ಬರ್ತಾರೆ. ನಮಗೆ ಹಾಗೇ ಮಾಡಿ ಅಂತ ಹೇಳ್ಕೊಟ್ಟಿದಾರೆ."

"ಬೇಡ!" ಇದು ಎಮಿಲ್ ಹೇಳಿದ್ದೋ ವೆರ್ನಾ ಹೇಳಿದ್ದೋ, ಇಬ್ಬರ ದನಿಯೂ ಒಟ್ಟಿಗೇ ಬಂತು. ಅಗ್ನಿಶಾಮಕದವರು ಈ ಚಳಿಗಾಲದಲ್ಲಿ ಎರಡು ಸಲ ಬಂದುಹೋಗಿದ್ದರು. ಎರಡನೆಯ ಸಲ ಬಂದ ನಾಲ್ವರಲ್ಲಿ ಮೀಸೆಯವನೊಬ್ಬ ಬಚ್ಚಲುಮನೆಗೆ ಕಾಲಿಟ್ಟವನೇ ಹೆಲ್ಮೆಟ್ ತೆಗೆದು, "ಗುಡ್ ಮಾರ್ನಿಂಗ್, ಮಿಸೆಸ್ ಹುದಾಕ್," ಎಂದಿದ್ದ. ತಡವಾಗಿ ಬಂದದ್ದಕ್ಕೆ ಇವಳಿಂದ ವಾರಕ್ಕೆರಡು ಚೀಟಿ ಬರೆಸಿಕೊಳ್ಳುತ್ತಿದ್ದವನು. ಅವನು ಒಳ್ಳೆಯವನು, ಕಣ್ಣನ್ನು ಗೋಡೆಯ ಕಡೆಗಿಟ್ಟುಕೊಂಡೇ ಎತ್ತಿದ. ವೆರ್ನಾ ಅಂದು ಇಡೀ ದಿನ ಗಂಡನಿಗೆ ಮುಖ ಕೊಡಲಿಲ್ಲ. ಹೋಗುವಾಗ ಆ ಮೀಸೆಯವನು ಹೊರಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ, "ಮೂರನೇ ಸಲ ಆದ್ರೆ ವಯಸ್ಸಾದೋರನ್ನ ನೋಡ್ಕೊಳ್ಳೋ ಕೌಂಟಿ ಆಫೀಸಿಗೆ ಬರೀಲೇಬೇಕು ಸರ್. ಅವರು ಬಂದು ನೋಡ್ತಾರೆ. ಈ ಮನೇಲಿ ಇಟ್ಕೊಳ್ಳೋಕಾಗಲ್ಲ ಅಂತ ಬರೆದ್ರೆ ಮುಗೀತು," ಎಂದು ಹೇಳಿ ಹೋಗಿದ್ದ. ಜನೀನ್ ಕೂಡ ಅದನ್ನೇ ಹೇಳುತ್ತಿದ್ದಳು, ಇನ್ನೂ ಜೋರಾಗಿ. ಅದಕ್ಕೇ ಏಜೆನ್ಸಿ, ಅದಕ್ಕೇ ಹಳದಿ ಹಾಳೆ, ಅದಕ್ಕೇ ಹನ್ನೆರಡು ಪ್ರಶ್ನೆ.

ಡಾರ್ಲೀನ್ ಅಷ್ಟರಲ್ಲಿ ಒಂದು ದಿಂಬು, ಒಂದು ಕಂಬಳಿ ತಂದಳು. ದಿಂಬನ್ನು ವೆರ್ನಾಳ ಬೆನ್ನಿಗೆ ತಾನು ಒತ್ತದೆ ಎಮಿಲ್‌ನ ಕೈಗೆ ಕೊಟ್ಟಳು. ಆಮೇಲೆ ಕೊಳೆಬಟ್ಟೆಯ ಬುಟ್ಟಿಯನ್ನು ಬೋರಲು ಹಾಕಿ, ಹೊಸ್ತಿಲ ಆಚೆ ಅದರ ಮೇಲೆ ಕೂತು, "ಹೆದರ್ಕೋಬೇಡಿ ಮಿಸೆಸ್ ಹುದಾಕ್, ನಾನಿಲ್ಲೇ ಇದೀನಿ. ಆ ಅಡುಗೆ ಸ್ಪರ್ಧೇಲಿ ಕೊನೇಗೆ ಯಾರು ಗೆದ್ರು ಹೇಳ್ಲೇ ಇಲ್ವಲ್ಲ," ಎಂದು ಶುರು ಮಾಡಿದಳು. ಎಮಿಲ್‌ಗೆ ಅವಳ ಕೆನ್ನೆಗೆ ಹೊಡೆಯಬೇಕೆನ್ನಿಸಿತು. ಆಗ ಅವಳ ಕೈಗಳು ಕಂಡವು. ಮಂಡಿಯ ಮೇಲೆ ಒಂದನ್ನೊಂದು ಹಿಸುಕುತ್ತಿದ್ದವು.

"ನಿಮಗೆ ಎತ್ತೋಕೆ ಬರಲ್ವಾ, ಇಲ್ಲಾ ಬೇಡ ಅಂತಲಾ?"

"ಹತ್ತೊಂಬತ್ತು ವರ್ಷ ಎತ್ತಿದೀನಿ ಸರ್. ಇಂಥೋರು ಎಷ್ಟು ಜನಾನೋ. ಬೇರೆ ಏಜೆನ್ಸೀಲಿ." ಅವಳು ಬಾಗಿಲ ಚೌಕಟ್ಟಿನ ಕಡೆ ನೋಡುತ್ತ ಹೇಳಿದಳು. "ಇಲ್ಲಿ ಹೋದ ವರ್ಷ ಒಬ್ಬಳು ಪಾಪ ಅಂತ ಒಬ್ಬ ಮುದುಕಪ್ಪನ್ನ ಎತ್ತಿದಳು. ಅವರ ತೋಳು ಮುರೀತು. ಎತ್ತಿದ್ದಕ್ಕೇ ಮುರೀತೋ, ಬಿದ್ದಾಗ್ಲೇ ಮುರಿದಿತ್ತೋ, ಯಾರಿಗೊತ್ತು? ಅವಳಿಗೆ ಇನ್ನೆಲ್ಲೂ ಕೆಲಸ ಸಿಗ್ತಾ ಇಲ್ಲ. ನನ್ನ ಕಾಲು ನೋಡ್ತಿದೀರಲ್ಲ, ನಂಗೆ ಇದೊಂದೇ ಸರ್."

ವೆರ್ನಾ ಕಂಬಳಿಯನ್ನು ಎಡಗೈಯಿಂದ ತೊಡೆಯ ಮೇಲೆ ಎಳೆದುಕೊಂಡಳು. ಅವಳಿಗೆ ಇವರ ಮಾತೆಲ್ಲ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಮಿಲ್‌ಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ನಾಚಿಕೆಯಾಯಿತು. ಅವಳು ಬಯಸಿದ್ದು ಏಜೆನ್ಸಿಯನ್ನಲ್ಲ, ನೆನಿತಾಳನ್ನು. ಇದೇ ಬೀದಿಯಲ್ಲಿ ಮೂರು ಮನೆಯಾಚೆ ಇರುವ ಫಿಲಿಪೀನ್ಸಿನ ಹೆಂಗಸು; ಮುದುಕ ಕೋವಲ್ ಸಾಯುವ ತನಕ ನಾಲ್ಕು ವರ್ಷ ನೋಡಿಕೊಂಡವಳು. ಈಸ್ಟರಿನ ಮುಂಚಿನ ಉಪವಾಸದ ಶುಕ್ರವಾರ ಚರ್ಚಿನ ನೆಲಮಾಳಿಗೆಯಲ್ಲಿ ಮೀನು ಹುರಿದು ಊರಿಗೆಲ್ಲ ಹಾಕುತ್ತಾರಲ್ಲ, ಅಲ್ಲಿ ಗಾಲಿಕುರ್ಚಿಯಲ್ಲಿದ್ದ ವೆರ್ನಾಳ ಪಕ್ಕ ಅವಳು ಬಂದು ಕೂತಿದ್ದಳು. ಎಲೆಕೋಸಿನ ಶ್ಯಾವಿಗೆಯನ್ನು ಸಣ್ಣಗೆ ಕತ್ತರಿಸಿ, ಯಾರೂ ಹೇಳದೆ, ವೆರ್ನಾಳ ಬಾಯಿಗಿಟ್ಟಳು. ವೆರ್ನಾ ತಿಂದಳು. "ಬೇಕಾದ್ರೆ ನಾನು ಬರ್ತೀನಿ ಎಮಿಲ್," ಎಂದಳು ನೆನಿತಾ ಆಮೇಲೆ. ಎಮಿಲ್ ಆ ಉದ್ದನೆಯ ಮೇಜಿನ ಸುತ್ತ ಕೂತವರಿಗೆಲ್ಲ ಕೇಳುವ ಹಾಗೆ, "ಲೈಸೆನ್ಸ್ ಇದೆಯಾ ನಿಮ್ಮ ಹತ್ರ?" ಎಂದ. ಅವನಿಗೆ ಅದು ಅವಮಾನದ ಪ್ರಶ್ನೆಯೇ ಅಲ್ಲ. ಅವನು ಬಿಷಪ್ಪರನ್ನಾದರೂ ಅದನ್ನೇ ಕೇಳುತ್ತಿದ್ದ. ನೆನಿತಾಳ ಮುಖ ಕೆಂಪಾಯಿತು. ಫೋರ್ಕನ್ನು ತಟ್ಟೆಯ ಅಂಚಿಗೆ ಇಟ್ಟು, "ಇಲ್ಲ. ಕೋವಲ್ ಅವರು ಯಾವತ್ತೂ ಕೇಳ್ಲಿಲ್ಲ," ಎಂದು ಎದ್ದುಹೋದಳು. ವೆರ್ನಾ ಎಡಗೈಯಿಂದ ಮೇಜಿಗೆ ಹೊಡೆದಳು. ಮೀನಿನ ತಟ್ಟೆ ಉರುಳಿತು.

ಈಗ ಆ ನೆನಿತಾಳಿಗೇ ಫೋನ್ ಮಾಡಬೇಕು. ಎಮಿಲ್ ಫೋನ್ ತೆಗೆದು ನಂಬರು ಒತ್ತಿದ. ಒದ್ದೆ ನೆಲ ಕಾಲಿಗೆ ಅಂಟತೊಡಗಿತ್ತು. ಎರಡು ಸಲ ರಿಂಗಾಗುವುದರೊಳಗೆ ನೆನಿತಾ ಎತ್ತಿಕೊಂಡಳು.

"ಏನಾಯ್ತು ಎಮಿಲ್? ಬಿದ್ರಾ ಅವರು?"

ಹೇಗೆ ಗೊತ್ತಾಯಿತು ಎಂದು ಕೇಳುವಷ್ಟೂ ಅವನಿಗೆ ಉಸಿರಿರಲಿಲ್ಲ. ಹೇಳಿದ. ಏಜೆನ್ಸಿಯ ಕಥೆಯನ್ನೂ ಹೇಳಬೇಕಾಯಿತು. ಆ ಕಡೆಯಿಂದ ನಗು ಬಂದೀತೆಂದು ಕಾದ, ಬರಲಿಲ್ಲ.

"ನಾನೀಗ ಹೊರ್ವಾತ್ ಅವರ ಮನೇಲಿ ಇದೀನಿ. ಮುದುಕಪ್ಪಂಗೆ ಆಕ್ಸಿಜನ್ ಹಾಕಿದೆ, ಬಿಟ್ಟು ಬರೋ ಹಾಗಿಲ್ಲ. ಅವರ ಮಗ ಬರೋದು ಸಂಜೆ ನಾಲ್ಕಕ್ಕೆ."

"ಈಗಿನ್ನೂ ಒಂಬತ್ತೂವರೆ."

"ಗೊತ್ತು. ಫೋನ್ ಸ್ಪೀಕರಿಗೆ ಹಾಕಿ ಎಲ್ಲಾದರೂ ಇಡಿ. ನಾನು ಹೇಳಿದ ಹಾಗೆ ಮಾಡಿ. ಒಂದು ಗಟ್ಟಿ ಕುರ್ಚಿ ಬೇಕು, ಚಕ್ರದ್ದು ಬೇಡ."

ಎಮಿಲ್ ಫೋನನ್ನು ಸೋಪಿನ ಪಕ್ಕ ಇಟ್ಟ. ಡಾರ್ಲೀನ್ ಆಗಲೇ ಎದ್ದುಹೋಗಿ ಅಡುಗೆಮನೆಯ ಮರದ ಕುರ್ಚಿ ತಂದು ವೆರ್ನಾಳ ಎದುರಿಗೆ ಇಟ್ಟಿದ್ದಳು. ಇಟ್ಟವಳು ಕುರ್ಚಿಯ ಬೆನ್ನನ್ನು ಎರಡು ಕೈಯಲ್ಲೂ ಹಿಡಿದು, ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, "ಕುರ್ಚಿ ಹಿಡಿಯೋದು ಮನೆಗೆಲಸ," ಎಂದಳು. ಯಾರಿಗೆ ಹೇಳಿದಳೋ. ಬಹುಶಃ ಟಲ್ಲಿಗೆ.

ಸೋಪಿನ ಪಕ್ಕದಿಂದ ನೆನಿತಾಳ ದನಿ ಬರುತ್ತಿತ್ತು. ವೆರ್ನಾ, ಕೇಳಿಸ್ತಾ? ಎಡಗಡೆಗೆ ಹೊರಳಿ. ಅವಸರ ಬೇಡ. ಮಂಡಿ ಮಡಿಸಿ. ಎಮಿಲ್, ನೀವು ಎತ್ತಬೇಡಿ, ಸೊಂಟಕ್ಕೆ ಕೈ ಕೊಟ್ಟು ತಳ್ಳಿ ಅಷ್ಟೇ. ಎಳೆದ್ರೆ ನೀವೂ ಬೀಳ್ತೀರ. ಎಮಿಲ್ ಮಂಡಿಯೂರಿದ. ಐವತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ಮಂಡಿಯೂರಿದ್ದು ಇದು ಎರಡನೆಯ ಸಲ. ಮೊದಲ ಸಲ ಮದುವೆಯಾಗುತ್ತೀಯಾ ಎಂದು ಉಂಗುರ ಕೊಡುವಾಗ, ಆಗಲೂ ಪ್ಯಾಂಟು ಒದ್ದೆಯಾಗಿತ್ತು, ಹಿಮ ಕರಗಿದ ದಿನ. ವೆರ್ನಾ ಹೊರಳಿದಳು. ಎಡಮಂಡಿಯ ಮೇಲೆ ಬಂದಳು. ಎಡಗೈಯನ್ನು ಕುರ್ಚಿಯ ಮೇಲಿಟ್ಟು ನೂಕಿದಳು. ಏಳುತ್ತಾಳೆ, ಎದ್ದೇ ಬಿಟ್ಟಳು ಎನ್ನುವಾಗ ಕೈ ಜಾರಿತು. ಎಮಿಲ್‌ನ ಭುಜದಲ್ಲಿ ಇನ್ನೊಮ್ಮೆ ಕತ್ತರಿಸಿದಂತಾಯಿತು, ಅವನು ಕೂಗಿಕೊಂಡ, ಇಬ್ಬರೂ ಒಟ್ಟಿಗೆ ವಾಲಿದರು. ವೆರ್ನಾಳ ಕೈ ಗಾಳಿಯಲ್ಲಿ ಏನನ್ನೋ ಹುಡುಕಿ, ಕುರ್ಚಿಯ ಬೆನ್ನು ದಾಟಿ, ಡಾರ್ಲೀನಳ ಮುಂಗೈಯನ್ನು ಹಿಡಿದುಕೊಂಡುಬಿಟ್ಟಿತು.

ಡಾರ್ಲೀನ್ ಕಂಬದ ಹಾಗೆ ನಿಂತಳು. ಕಣ್ಣು ಮುಚ್ಚಿದ್ದಳು. "ನಾನು ಮುಟ್ತಾ ಇಲ್ಲ," ಎಂದಳು. "ನೋಡಿ ಸರ್, ನಾನು ಮುಟ್ತಾ ಇಲ್ಲ. ನನ್ನ ಕೈ ಕುರ್ಚಿ ಮೇಲಿದೆ. ನೋಡಿದ್ರಲ್ಲ?"

"ನೋಡ್ದೆ," ಎಂದ ಎಮಿಲ್, ನೆಲದಿಂದ.

ವೆರ್ನಾ ಆ ಮುಂಗೈಯನ್ನು ಹಿಡಿದು, ಉಗುರು ಊರಿ, ಒಂದು ಕಾಲಿನ ಮೇಲೆ ತನ್ನ ಇಡೀ ಮೈಯನ್ನು ಮೇಲಕ್ಕೆಳೆದುಕೊಂಡು ಕುರ್ಚಿಯ ಮೇಲೆ ಅಡ್ಡಡ್ಡವಾಗಿ ಕೂತಳು. ಮೂವರೂ ಏದುತ್ತಿದ್ದರು. ಡಾರ್ಲೀನಳ ಕೈಯ ಮೇಲೆ ನಾಲ್ಕು ಕೆಂಪು ಗುರುತು ಮೂಡಿದ್ದವು.

"ಕೂತ್ರಾ?" ಎಂದಿತು ಫೋನು.

"ಕೂತಳು. ನೆನಿತಾ, ನಾಳೆಯಿಂದ ನೀವು ಬರ್ತೀರಾ? ನಾನು ಆವತ್ತು..."

"ಹೊರ್ವಾತ್ ಅವರಿಗೆ ಮಾತು ಕೊಟ್ಟಿದೀನಿ ಎಮಿಲ್. ಅವರು ಇರೋವರೆಗೆ ಅಂತ. ಈಗ ವೆರ್ನಾ ಅವರ ಬೆನ್ನು ಒರೆಸಿ, ಒಣ ಬಟ್ಟೆ ಹಾಕಿ. ಚಳಿಯಾಗುತ್ತೆ ಅವರಿಗೆ," ಎಂದಳು.

ಡಾರ್ಲೀನ್ ಬೇಸಿನ್ನಿನಲ್ಲಿ ಬೆಚ್ಚಗಿನ ನೀರು, ಎರಡು ಟವೆಲು, ಒಗೆದ ಬಟ್ಟೆ ತಂದಿಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಹೋದಳು. ಎಮಿಲ್ ಎಡಗೈಯಲ್ಲಿ ತೊಳೆದ. ಎಲ್ಲಿಂದ ಶುರು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ. ಈ ಮೈ ಅವನಿಗೆ ಗೊತ್ತಿರುವ ಮೈಯೇ, ಆದರೆ ಗೊತ್ತಿದ್ದದ್ದು ಕತ್ತಲೆಯಲ್ಲಿ. ಟ್ಯೂಬ್‌ಲೈಟಿನ ಕೆಳಗೆ, ಸೋಪಿನ ನೀರಿನಲ್ಲಿ, ಅದು ಯಾರದೋ ಆಗಿತ್ತು. ವೆರ್ನಾ ಮುಖವನ್ನು ಗೋಡೆಯ ಟೈಲುಗಳ ಕಡೆಗೆ ತಿರುಗಿಸಿಕೊಂಡು ಕೂತಳು. ಕ್ಷಮಿಸು ಎನ್ನಬೇಕೆಂದುಕೊಂಡವನು "ನೀರು ಬಿಸಿ ಆಯ್ತಾ?" ಎಂದ. ಗುಂಡಿ ಹಾಕುವಾಗ ಒಂದು ಗುಂಡಿ ತಪ್ಪಿ, ಕೊನೆಗೆ ಒಂದು ಕಡೆ ಉದ್ದವಾಗಿ ಉಳಿಯಿತು. ಬಿಚ್ಚಿ ಮತ್ತೆ ಹಾಕಲು ಅವನಿಂದ ಆಗಲಿಲ್ಲ.

ಅವಳನ್ನು ಗಾಲಿಕುರ್ಚಿಗೆ ದಾಟಿಸಿ ಅಡುಗೆಮನೆಗೆ ತಂದಾಗ ಡಾರ್ಲೀನ್ ಮೇಜಿನ ಬಳಿ ಕೂತು ಏಜೆನ್ಸಿಯ ಫಾರಂ ತುಂಬುತ್ತಿದ್ದಳು. ದೊಡ್ಡ ದೊಡ್ಡ ಅಕ್ಷರ, ಶಾಲೆಯ ಮಕ್ಕಳ ಹಾಗೆ ನಾಲಗೆ ಕಚ್ಚಿಕೊಂಡು ಬರೆಯುತ್ತಿದ್ದಳು. ಎಮಿಲ್ ಅವಳ ಭುಜದ ಮೇಲಿಂದ ನೋಡಿದ. ಬೆಳಿಗ್ಗೆ ೯:೧೦, ಬಚ್ಚಲುಮನೆಯಲ್ಲಿ ಬಿದ್ದರು. ಪೆಟ್ಟಿಲ್ಲ. ಸಿಬ್ಬಂದಿ ಮುಟ್ಟಲಿಲ್ಲ.

"ಇದು ಎಲ್ಲಿಗೆ ಹೋಗುತ್ತೆ?"

"ಆಫೀಸಿಗೆ ಫೋನಲ್ಲಿ ಹೇಳಾಯ್ತು ಸರ್. ಅವರು ಕೌಂಟಿಗೆ ಕಳಿಸ್ತಾರೆ. ಬಿದ್ರೆ ಬರೀಲೇಬೇಕು, ಲೈಸೆನ್ಸ್‌ನ ಷರತ್ತು."

ಇಪ್ಪತ್ತನಾಲ್ಕು ಗಂಟೆಯೊಳಗೆ, ಬರವಣಿಗೆಯಲ್ಲಿ. ಎರಡು ಸಲ ತೀಡಿದ ಟಿಕ್. ಅಗ್ನಿಶಾಮಕದವರನ್ನು ಕರೆಯದೆಯೂ ಮೂರನೆಯದು ಕೌಂಟಿಗೆ ಮುಟ್ಟುವಂತಾಯಿತು. ಲೈಸೆನ್ಸಿಲ್ಲದ ನೆನಿತಾಳನ್ನೇ ಇಟ್ಟುಕೊಂಡಿದ್ದರೆ ಯಾರಿಗೂ ಏನನ್ನೂ ಬರೆಯಬೇಕಾಗಿರಲಿಲ್ಲ. ಎಮಿಲ್ ಮೇಜಿನ ಅಂಚು ಹಿಡಿದು ಬಗ್ಗಿ, ವೆರ್ನಾಳಿಗೆ ಕೇಳದ ಹಾಗೆ ಹೇಳಿದ:

"ಅಲ್ಲಮ್ಮ, ಆಫೀಸಿಗೆ ಇನ್ನೊಂದು ಸಲ ಫೋನ್ ಮಾಡಿ. ತಪ್ಪಾಗಿ ಹೇಳ್ದೆ ಅನ್ನಿ. ಒಂದು ಸಲ ನೋಡ್ಲಿಲ್ಲ ಅನ್ಕೊಳ್ಳಿ. ಅಷ್ಟರಲ್ಲಿ ನಾನು ಏನಾದ್ರೂ ಮಾಡ್ತೀನಿ."

ಹೇಳಿ ಮುಗಿಸುವ ಮೊದಲೇ ಅದು ಯಾರ ಮಾತೆಂದು ಅವನಿಗೆ ಗೊತ್ತಾಯಿತು. ಸಬಟೀನಿಯ ದನಿ ಕೂಡ ಹೀಗೇ ಕೊನೆಗೆ ಸಣ್ಣಗಾಗಿತ್ತು. ಸಬಟೀನಿ ಆ ವರ್ಷವೇ ಕಾರ್ಖಾನೆ ಮುಚ್ಚಿದ.

ಡಾರ್ಲೀನ್ ಪೆನ್ನು ಕೆಳಗಿಟ್ಟಳು. ಕೈಯ ಮೇಲಿನ ಗುರುತುಗಳನ್ನು ಇನ್ನೊಂದು ಕೈಯಿಂದ ಉಜ್ಜಿಕೊಂಡಳು. "ನಂಗೂ ಹಾಗೇ ಅನ್ಸುತ್ತೆ ಸರ್. ನಿಜವಾಗ್ಲೂ. ಆದ್ರೆ ನಾನು ನೋಡಿಬಿಟ್ಟಿದೀನಲ್ಲ," ಎಂದಳು. ಅವಳ ಕಣ್ಣು ತುಂಬಿತ್ತು. "ಇಲ್ಲೊಂದು ಸೈನ್ ಬೇಕು. ನೀವು ಮಾಡದಿದ್ರೂ ಇದು ಹೋಗುತ್ತೆ. ಮಾಡಿದ್ರೆ ನಂಗೆ ಒಳ್ಳೇದು."

ಎಮಿಲ್ ಕನ್ನಡಕ ಹಾಕಿಕೊಂಡು ಫಾರಂ ಓದಿದ. ವೇಳೆ ಸರಿ, ಜಾಗ ಸರಿ, ನಡೆದದ್ದು ನಡೆದ ಹಾಗೇ ಇತ್ತು. ಒಂದು ಸುಳ್ಳಿಲ್ಲ. ಅವನು ತನ್ನ ಕಾಲದಲ್ಲಿ ಇಷ್ಟು ನಿಷ್ಠೆಯಿಂದ ಬರೆದ ಕಾಗದವನ್ನು ಬಹಳ ನೋಡಿರಲಿಲ್ಲ, ಬರೆದದ್ದೂ ಇಲ್ಲ. ಕೊನೆಯ ವರ್ಷಗಳಲ್ಲಿ ಮಂಡಿ ನೋವು ಹಿಡಿದ ಮೇಲೆ, ಮುದುಕರೇ ಇರುವ ಹತ್ತು ಮಹಡಿಯ ಕಟ್ಟಡದಲ್ಲಿ ಮೇಲಿನ ಮೆಷಿನ್ ರೂಮಿಗೆ ಹತ್ತದೆ, ಕೆಳಗಿನ ಲಾಬಿಯಲ್ಲೇ ನಿಂತು, ಎಲ್ಲ ಸರಿಯಿದೆ ಎಂದು ಅವನು ಬರೆದುಕೊಂಡದ್ದುಂಟು. ಐದು ವರ್ಷ. ಏನೂ ಆಗಲಿಲ್ಲ. ಇವತ್ತಿಗೂ ಆಂಬುಲೆನ್ಸ್ ಆ ಬೀದಿಗೆ ತಿರುಗಿದರೆ ಅದು ಯಾವ ಕಟ್ಟಡದ ಮುಂದೆ ನಿಲ್ಲುತ್ತದೆಂದು ಅವನು ನಿಂತು ನೋಡುತ್ತಾನೆ. ಆ ಸರ್ಟಿಫಿಕೇಟುಗಳಿಗೆಲ್ಲ ಅವನು ಸಹಿ ಹಾಕುತ್ತಿದ್ದದ್ದು ಇದೇ ಮೇಜಿನ ಮೇಲೆ, ಭಾನುವಾರ ಸಂಜೆ. ಅವನು ಸಹಿ ಹಾಕಿ ಸರಿಸುವುದು; ಪಕ್ಕದಲ್ಲಿ ವೆರ್ನಾ ಒಂದೊಂದನ್ನೂ ಎರಡು ಸಲ ಮಡಿಸಿ, ಲಕೋಟೆಗೆ ಹಾಕಿ, ಅಂಟನ್ನು ನೆಕ್ಕಿ ಮುಚ್ಚುವುದು. "ನಿನ್ನ ಸರ್ಕಾರಕ್ಕೆ ಹೇಳು, ಇನ್ನೊಂಚೂರು ರುಚಿಯಾದ ಅಂಟು ಹಾಕಲಿ ಅಂತ," ಎನ್ನುತ್ತಿದ್ದಳು ಪ್ರತಿ ವಾರ. ಸರಿಯಾದವನ್ನೂ ಅವಳೇ ಮಡಿಸಿದಳು, ಲಾಬಿಯಲ್ಲಿ ಬರೆದವನ್ನೂ ಅವಳೇ ಮಡಿಸಿದಳು.

ಅವನು ಸಹಿ ಹಾಕಿದ. ಹಳೆಯ ಸಹಿಯೇ ಬಂತು, ಮೂವತ್ತೊಂದು ವರ್ಷ ಊರಿನ ಲಿಫ್ಟುಗಳೊಳಗೆ ಸರ್ಟಿಫಿಕೇಟಿನ ಮೇಲೆ ಗಾಜಿನ ಹಿಂದೆ ಇದ್ದದ್ದು. ಡಾರ್ಲೀನ್ ಕಾಗದಕ್ಕೆ ಕೈ ಚಾಚಿದಳು.

ಅವಳಿಗಿಂತ ಮುಂಚೆ ವೆರ್ನಾಳ ಎಡಗೈ ಬಂತು. ಬಚ್ಚಲುಮನೆಯಿಂದ ಹೊರಬಂದ ಮೇಲೆ ಮೊದಲ ಸಲ ಅವಳು ಮುಖವನ್ನು ಗಂಡನ ಕಡೆ ತಿರುಗಿಸಿದ್ದಳು. ಸಿಟ್ಟು ಇಳಿದಿತ್ತು, ಏನೋ ಗುರುತು ಸಿಕ್ಕಂತಿತ್ತು. ಫಾರಂ ಎಳೆದುಕೊಂಡು ತೊಡೆಯ ಮೇಲೆ ಹರಡಿದಳು. ಅಲುಗದ ಬಲಗೈಯನ್ನು ಎತ್ತಿ, ಕಾಗದ ಜಾರದ ಹಾಗೆ ಅದರ ಮೇಲೆ ಇಟ್ಟಳು. ಎಡಗೈಯಿಂದ ಒಂದು ಮಡಿಕೆ, ಹೆಬ್ಬೆರಳಿನಿಂದ ತಿಕ್ಕಿ ಇನ್ನೊಂದು ಮಡಿಕೆ. ಅಂಚು ಅಂಚಿಗೆ ಕೂಡಿತು. ಆಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಎಮಿಲ್‌ನ ಕಡೆ ನೋಡುತ್ತ ಕಾದಳು.

ಡಾರ್ಲೀನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳದೆ ನಿಂತಿದ್ದಳು. ಎಮಿಲ್ ಎದ್ದು, ಲಕೋಟೆಗಾಗಿ ಡ್ರಾಯರಿನಲ್ಲಿ ಹುಡುಕತೊಡಗಿದ.